ಗಜದ ಮೇಲಿನ ಗೆರೆ

"ಚಿಕ್ಕಪ್ಪ ಅಪ್ಪನ್ನ ಕೊಂದಿಲ್ಲಮ್ಮ. ಆದ್ರೆ ಬಾಯಿಬಿಟ್ಟು ಹೇಳ್ತಾನೂ ಇಲ್ಲ. ಜೈಲಿಗೆ ಹಾಕ್ತಾರೆ ಅವನನ್ನ."

ಕೋವಿ ರಿಪೇರಿ ಮೇಸ್ತ್ರಿಯ ಮಗಳು ಇಷ್ಟು ಹೇಳುವಷ್ಟರಲ್ಲಿ ಲಾಯರಮ್ಮ ಚಪ್ಪಲಿ ಮೆಟ್ಟಿಯಾಗಿತ್ತು. ವಕೀಲಿ ಬಿಟ್ಟು ವರ್ಷಗಳಾದರೂ ಬೀದಿಯ ಬಿಡಿಸಲಾಗದ ಗಂಟುಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಅವರ ಹಳೆಯ ಗುಮಾಸ್ತ, ಅರ್ಧಕ್ಕೇ ಬಿಟ್ಟ ಕಾಫಿಗಾಗಿ ಗೊಣಗುತ್ತ ಹಿಂದೆ ನಡೆದ.

ಅಂಗಡಿಯಲ್ಲಿ ಅರ, ಎಣ್ಣೆ ಡಬ್ಬಿ, ಕೋವಿಗಳಿಂದ ಬಿಚ್ಚಿಟ್ಟ ಕುದುರೆಗಳು ಎಲ್ಲ ಹಾಗೇ ಇದ್ದವು. ಇನ್‌ಸ್ಪೆಕ್ಟರಿಗೆ ಯಾವ ಅನುಮಾನವೂ ಇರಲಿಲ್ಲ.

"ಬೆಳಗ್ಗೆ ಅಣ್ಣ ತಮ್ಮ ಕಿತ್ತಾಡಿದ್ದಾರೆ. ಜನ ಓಡಿಬಂದಾಗ ಕೋವಿ ತಮ್ಮನ ಕೈಲಿತ್ತು. 'ನಾನೇ ಹೊಡೆದೆ' ಅಂದೋನು ಆಮೇಲೆ ತುಟಿ ಪಿಟಕ್ಕೆಂದಿಲ್ಲ. ಪಾಪ, ಅಣ್ಣ ಕೈ ಅಡ್ಡ ಹಿಡಿದಿದ್ದಾನೆ, ಅಂಗೈ ಪೂರ್ತಿ ಸುಟ್ಟಿದೆ."

"ಯಾವುದಕ್ಕೆ ಜಗಳ?" ಎಂದರು ಲಾಯರಮ್ಮ.

"ರೇಡಿಯೋ ಸದ್ದಿಗೆ. ದಿನಾ ಇದ್ದದ್ದೇ," ಎಂದಳು ಮಗಳು.

ಕೋವಿಯ ಮಾಲೀಕ, ತೋಟದ ಕಾವಲುಗಾರ, ಮೂಲೆಯಲ್ಲಿ ಮುದುಡಿ ನಿಂತಿದ್ದ. "ಮದ್ದು ಗುಂಡಿನ ಈಡು ತುಂಬಿದ್ದನ್ನೇ ಕೊಟ್ಟೆ. ಮೇಸ್ತ್ರಿ ಯಾವಾಗ್ಲೂ ಗಜದ ಕೋಲು ನಳಿಗೆಗೆ ಇಳಿಸಿ ಖಾಲಿಯಾ ಅಂತ ನೋಡೇ ಕೆಲಸ ಶುರು ಮಾಡೋದು."

ಲಾಯರಮ್ಮ ಆ ಕೋವಿಯ ಗಜವನ್ನು ನಳಿಗೆಯೊಳಗೆ ಇಳಿಸಿದರು. ಮರದ ಗಜದ ಮೇಲೆ ಒಂದು ಹಳೆಯ ಗೆರೆ ಕೊರೆದಿತ್ತು. ಅದು ನಳಿಗೆಯ ಬಾಯಿ ದಾಟಿ ನಾಲ್ಕು ಬೆರಳು ಒಳಗೆ ಹೋಯಿತು. ಹೊರಗೆಳೆದಾಗ ತುದಿಯ ಹಿತ್ತಾಳೆ ಹೊಸದಾಗಿ ಹೊಳೆಯಿತು. ಅವರ ಮುಖ ಬಾಡಿದ್ದನ್ನು ಗುಮಾಸ್ತ ಕಂಡ.

ತಮ್ಮನನ್ನು ಕರೆತರಿಸಿ ಎಲ್ಲರೆದುರು ಅವರು ಹೇಳತೊಡಗಿದರು.

"ಕೈ ಅಡ್ಡ ಹಿಡಿದದ್ದಲ್ಲ ಇನ್‌ಸ್ಪೆಕ್ಟರೇ. ಖಾಲಿ ಕೋವಿಗೆ ಬರೀ ಕಿಡಿ ಹೊತ್ತಿಸೋ ಕೇಪು ಇಟ್ಟು ಕುದುರೆ ಬೀಳಿಸಿದರೆ, ಕೇಪಿನ ಕೆಳಗಿನ ತೂತು ಕಟ್ಟಿಲ್ಲದಿದ್ದರೆ ನಳಿಗೆ ಬಾಯಲ್ಲಿ ಗಾಳಿ ಬರುತ್ತೆ. ತಮ್ಮ ಕುದುರೆ ಬೀಳಿಸ್ತಿದ್ದ, ಅಣ್ಣ ಅಂಗೈ ಒಡ್ಡಿ ಗಾಳಿ ನೋಡ್ತಿದ್ದ. ಇವರು ಕೆಲಸ ಮಾಡೋ ರೀತಿಯೇ ಅದು. ಅದಕ್ಕೇ ಅಂಗೈ ಸುಟ್ಟದ್ದು."

"ಈಡು ಇದ್ದದ್ದು ಗೊತ್ತಾಗಲಿಲ್ವಾ?" ಎಂದರು ಇನ್‌ಸ್ಪೆಕ್ಟರು.

"ನಳಿಗೆ ಖಾಲಿ ಇದ್ದಾಗ ಈ ಗೆರೆ ಬಾಯಿಗೆ ಸರಿಯಾಗಿ ನಿಲ್ಲಬೇಕು. ಈಡು ಇದ್ದರೆ ಮೇಲೆ ನಿಲ್ಲಬೇಕು. ಆದರೆ ಗಜದ ತುದಿ ಮುರಿದಿತ್ತು. ಯಾರೋ ಮುರಿದಷ್ಟು ಕತ್ತರಿಸಿ ಹೊಸ ಹಿತ್ತಾಳೆ ಕೂರಿಸಿದ್ದಾರೆ, ಗಜ ನಾಲ್ಕು ಬೆರಳು ಗಿಡ್ಡವಾಯ್ತು, ಗೆರೆ ಮಾತ್ರ ಹಳೇ ಜಾಗದಲ್ಲೇ ಉಳೀತು. ಇವತ್ತು ಈಡಿನ ಮೇಲೆ ಗಜ ನಿಂತಾಗ ಗೆರೆ ಸರಿಯಾಗಿ ಬಾಯಿಗೆ ಬಂದಿದೆ. ಖಾಲಿ ಅಂದ್ಕೊಂಡ್ರು."

"ಗಜ ರಿಪೇರಿ ಮಾಡಿದ್ದು ನಾನೇ," ಎಂದ ತಮ್ಮ ತಟ್ಟನೆ.

ಲಾಯರಮ್ಮ ಅವನನ್ನು ಮರುಕದಿಂದ ನೋಡಿದರು.

"ಇಲ್ಲ ಚಿಕ್ಕಪ್ಪ," ಎಂದಳು ಮಗಳು. "ನಾನು ಮಾಡಿದ್ದು. ಗೆರೆ ಯಾಕೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ."

ಚಿಕ್ಕಪ್ಪ ಬಾಯಿಬಿಡದ್ದು ಯಾರಿಗಾಗಿ ಎಂದು ಗುಮಾಸ್ತನಿಗೆ ಆಗ ತಿಳಿಯಿತು. ಇನ್‌ಸ್ಪೆಕ್ಟರು ತಮ್ಮನ ಬೇಡಿ ಬಿಚ್ಚಿಸಿದರು. ಅವನು ನೆಟ್ಟಗೆ ಹೋಗಿ ಅಣ್ಣನ ಮಗಳನ್ನು ಎದೆಗೊತ್ತಿಕೊಂಡ.

"ಹಿತ್ತಾಳೆ ಕೂರಿಸಿದ್ದನ್ನ ಅಪ್ಪನಿಗೆ ತೋರಿಸಿದ್ದೆ," ಎಂದಳು ಅವಳು. "ಕೈ ಕುದುರಿದೆ ಮಗಳೇ, ಇನ್ಮೇಲೆ ನಾನು ನೋಡೋದೇ ಬೇಡ ಅಂದಿದ್ರು."