ಬೊಮ್ಮಕ್ಕನ ಅಗ್ಗಿಷ್ಟಿಕೆ ಮತ್ತು ಹಿಮಗಡ್ಡದ ಮಾಂತ್ರಿಕ

ಕತೆ ಹೇಳಿ ನನಗೆ ಅಭ್ಯಾಸವಿಲ್ಲ. ಕೆಟ್ಟದಾಗಿ ಹೇಳಿದರೆ ದಯವಿಟ್ಟು ಕ್ಷಮಿಸಿ.

ಬೆಟ್ಟದ ಮರಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಮಂಜುಗೋಡು ಎಂಬ ರಾಜ್ಯವಿತ್ತು. ಅಲ್ಲಿನ ಒಲೆಗಳ ಬೆಂಕಿಯನ್ನೆಲ್ಲ ಒಬ್ಬ ಮಾಂತ್ರಿಕ ಕದ್ದು, ತನ್ನ ಹಿಮದ ಗಡ್ಡದೊಳಗೆ ಬಚ್ಚಿಟ್ಟುಕೊಂಡ. (ಗಡ್ಡ ನೆಲ ಮುಟ್ಟುತ್ತಿತ್ತು. ಇಲ್ಲದಿದ್ದರೆ ಅಷ್ಟು ಬೆಂಕಿ ಹಿಡಿಸುತ್ತಿರಲಿಲ್ಲ.) ಅಂದಿನಿಂದ ಊರಿನ ಒದ್ದೆ ಸೌದೆಗೆ ಕಿಡಿ ಹತ್ತಲೇ ಇಲ್ಲ.

ಅಗ್ಗಿಷ್ಟಿಕೆ, ಅಂದರೆ ಹೊತ್ತೊಯ್ಯುವ ಪುಟ್ಟ ಮಣ್ಣೊಲೆ, ಮಾಡುವ ಬೊಮ್ಮಕ್ಕನ ತಂಗಿ ನೀಲವ್ವ ಹೆತ್ತು ಮೂರು ದಿನವಾಗಿತ್ತು. ಬಾಣಂತಿಗೆ ಬಿಸಿನೀರಿಲ್ಲ. ಕೂಸು ಚಳಿಗೆ ಅಳುವುದನ್ನೂ ಬಿಟ್ಟಿತ್ತು.

“ಅಕ್ಕಾ, ಏನಾದರೂ ಮಾಡೇ!” ಎಂದಳು ನೀಲವ್ವ.

ಬೊಮ್ಮಕ್ಕ ಚಕಮಕಿ ಕಲ್ಲು ಸೆರಗಿಗೆ ಕಟ್ಟಿ, ಅಗ್ಗಿಷ್ಟಿಕೆಯನ್ನು ಕಂಕುಳಲ್ಲಿಟ್ಟು, ಬೆಂಕಿ ವಾಪಸು ತರಲು ಮಾಂತ್ರಿಕನಿದ್ದ ಬೆಟ್ಟ ಹತ್ತಿದಳು. ದಾರಿಯಲ್ಲಿ ಸಿಡಿಲು ಬಡಿದ ಪೈನ್ ಮರವೊಂದು ರಾಳ ಸುರಿಸುತ್ತಿತ್ತು. ರಾಳವೇ ಮರದ ಗಾಯಕ್ಕೆ ಮುಲಾಮು. ಆದ್ದರಿಂದ ಆ ಊರಿನವರು ಗಾಯದ ಮೇಲಿನದನ್ನು ಮುಟ್ಟದೆ, ಕೆಳಗೆ ಬಿದ್ದು ಗಟ್ಟಿಯಾದದ್ದನ್ನಷ್ಟೇ ಆರಿಸುತ್ತಾರೆ. ಬೊಮ್ಮಕ್ಕನೂ ಹಾಗೇ ಮಾಡಿ ಚೀಲ ತುಂಬಿದಳು.

“ಒಳ್ಳೆಯವಳು ಕಣೇ ನೀನು,” ಎಂದಿತು ಮರ. “ಇದಿದ್ದರೆ ಒದ್ದೆ ಸೌದೆಯೂ ಹೊತ್ತುತ್ತದೆ. ಆದರೆ ಒಂದು ಸಲಕ್ಕೆ ಕಡಲೆಕಾಳಿನಷ್ಟೇ ಹಾಕು. ಹೆಚ್ಚು ಹಾಕಿದವರ ಹುಬ್ಬು ಉಳಿಯದು.”

ಮೊದಲು ಮಂಜಿನ ಕರಡಿ ಬಂದು ಅವಳು ಒಲೆಗೆ ಆಯ್ದಿದ್ದ ಪುಳ್ಳೆಗಳನ್ನೆಲ್ಲ ತೋಯಿಸಿತು. ಕಡಲೆಕಾಳಿನಷ್ಟು ರಾಳ ಇಟ್ಟು ಚಕಮಕಿ ಕುಟ್ಟಿದಳು. ಒದ್ದೆ ಪುಳ್ಳೆಯೂ ಹೊತ್ತಿತು. ಕರಡಿ ಅಂಗೈ ಕಾಸಿಕೊಂಡು, “ನಾನೂ ಬರ್ತೀನಿ ಕಣವ್ವ,” ಎಂದು ಹಿಂದೆಯೇ ಬಂತು.

ಆಮೇಲೆ ಗಾಳಿಯ ಹದ್ದು ರೆಕ್ಕೆ ಬಡಿಯಿತು. ಅವಳು ಒಲೆಯನ್ನು ಬಂಡೆಯ ಮರೆಗಿಟ್ಟಳು. ಹದ್ದು ಬೀಸಿದಷ್ಟೂ ಕೆಂಡ ಕೆಂಪಾಯಿತು. “ಬೀಸಣ್ಣಾ ಬೀಸು, ಬೀಸಣಿಗೆ ಮನೆಯಲ್ಲೇ ಮರೆತಿದ್ದೆ!” ಎಂದಳು. ಹದ್ದು ನಾಚಿ ರೆಕ್ಕೆ ಮಡಚಿತು.

ಮೂರನೆಯದಾಗಿ ಮಾಂತ್ರಿಕನೇ ಬಂದ.

“ಇಷ್ಟೇನಾ ಬೆಂಕಿ? ನನಗೆ ಒಂದು ತುತ್ತಿಗೂ ಸಾಲದು!”

“ರಾಳ ಕಡಲೆಕಾಳಿನಷ್ಟೇ ಹಾಕಬೇಕು, ಅಜ್ಜಾ.”

“ನನಗೇ ಅಳತೆ ಹೇಳ್ತೀಯಾ?” ಎಂದು ಚೀಲ ಕಿತ್ತುಕೊಂಡು, ಪೂರ್ತಿ ಒಲೆಗೆ ಸುರಿದು, ಉರಿ ನುಂಗಲು ಬಗ್ಗಿದ.

ಧಗ್! ಹುಬ್ಬು ಹೋಯಿತು. ಗಡ್ಡ ಕರಗಿತು. ಒಳಗಿದ್ದ ಬೆಂಕಿಗಳೆಲ್ಲ ಹೊರಗೆ ಹಾರಿ ತಂತಮ್ಮ ಮನೆಗೆ ಓಡಿದವು. ಗಡ್ಡದೊಂದಿಗೆ ಮಂತ್ರವೂ ಕರಗಿತ್ತು. ಗಡಗಡ ನಡುಗುತ್ತಿದ್ದವನಿಗೆ ಕರಡಿ ಒಲೆಯ ಬಳಿ ಜಾಗ ಬಿಟ್ಟು, “ಕೂತ್ಕೋ ಮಾರಾಯ,” ಎಂದಿತು.

ಅಂದು ನೀಲವ್ವನ ಹಂಡೆಯ ನೀರು ಕಾಯಿತು. ಬಿಸಿನೀರು ಬಿದ್ದೊಡನೆ ಕೂಸು ಅತ್ತಿತು, ಇಡೀ ರಾಜ್ಯಕ್ಕೆ ಕೇಳುವಂತೆ. ರಾಜ್ಯವೆಲ್ಲ ನಕ್ಕಿತು. ಮುಂದೆ ಎಲ್ಲರೂ ಬೆಚ್ಚಗೆ ಬಾಳಿದರು. ಮಾಂತ್ರಿಕ ಬಾಣಂತಿಯರ ಹಂಡೆಗೆ ಉರಿ ಹಾಕುವವನಾದ, ಕಡಲೆಕಾಳಿಟ್ಟು ಅಳೆದೇ.

ಒಂದು ಮಾತು ಬಿಟ್ಟೆ. ರಾಳದ ಹೊಗೆಗೆ ಮಸಿ ಜಾಸ್ತಿ, ಅದನ್ನು ಬಯಲಲ್ಲೇ ಹಚ್ಚಬೇಕು. ಪಾತ್ರೆಯ ತಳಕ್ಕೆ ಮೊದಲೇ ಒದ್ದೆ ಬೂದಿ ಬಳಿದಿದ್ದರೆ… ಅಮ್ಮ ಕರೀತಿದ್ದಾರೆ, ಸ್ನಾನದ ನೀರು ಕಾದಿದೆಯಂತೆ. ಬಂದೆ ಅಮ್ಮಾ! ಬೂದಿ ಯಾಕೆಂದರೆ, ಆ ಮಸಿ ತಳಕ್ಕೆ ಅಂಟದೆ ಬೂದಿಯ ಜೊತೆಗೇ ತೊಳೆದು ಹೋ…