ಮಾಯ್ ಮುಗಿಸುವವರೆಗೆ

"ಮೈ ಗ್ರ್ಯಾಂಡ್‌ಮದರ್ ಈಸ್ ದ." ಲವಿಟಾ ನಿಲ್ಲಿಸಿದಳು. "ಕೈಂಡೆಸ್ಟ್ ಪರ್ಸನ್ ಇನ್ ಅವರ್." ಮತ್ತೆ ನಿಲ್ಲಿಸಿದಳು. "ಹೌಸ್ ಶಿ ಮೇಕ್ಸ್."

"ಬೆಳ್ಮಣ್ ಬಸ್ಸು ಮಾರಾಯ್ರೆ! ಕಂಡ ಕಂಡಲ್ಲಿ ಸ್ಟಾಪ್!" ಹಿಂದಿನ ಬೆಂಚಿನಿಂದ ಕಾರ್ಲ್ಟನ್ ಕೂಗಿದ. ಐದನೆಯ ಕ್ಲಾಸಿಡೀ ನಕ್ಕಿತು.

ಟೀನಾ ಮಿಸ್ ನಗಲಿಲ್ಲ. ಲವಿಟಾಳ ಹಾಳೆ ತೆಗೆದು ನೋಡಿದರು. ಪ್ರತಿ ಗೆರೆಯ ತುದಿಯಲ್ಲೂ ಸಾಸಿವೆಯಷ್ಟು ದಪ್ಪದ ಒಂದು ಫುಲ್‌ಸ್ಟಾಪ್.

"ಬರೆದದ್ದು ಚಂದ ಉಂಟು. ಆದರೆ ಗೆರೆ ಮುಗಿದ ಕೂಡಲೇ ಮಾತು ಮುಗಿಯುತ್ತದಾ? ನಾಳೆ ಸರಿ ಮಾಡಿ ತಾ. ಇಲ್ಲದಿದ್ದರೆ ಶುಕ್ರವಾರ ಕಾರ್ಲ್ಟನ್ ಓದಲಿ."

ಶುಕ್ರವಾರ ಶಾಲೆಯಲ್ಲಿ ಗ್ರ್ಯಾಂಡ್‌ಪೇರೆಂಟ್ಸ್ ಡೇ. ಕ್ಲಾಸಿನಿಂದ ಒಬ್ಬರಿಗೆ ಮಾತ್ರ ಓದುವ ಅವಕಾಶ. ಲವಿಟಾ ಓದುತ್ತಾಳೆಂದು ಅವಳ ಅಜ್ಜಿ ಮಾಯ್ ಆಗಲೇ ನೀಲಿ ಸೀರೆಗೆ ಇಸ್ತ್ರಿ ಹಾಕಿಸಿಯಾಗಿತ್ತು.

ಮನೆಗೆ ಬಂದು ಲವಿಟಾ ಎಲ್ಲ ಫುಲ್‌ಸ್ಟಾಪ್‌ಗಳನ್ನೂ ರಬ್ಬರಿನಿಂದ ಉಜ್ಜಿದಳು. ಈಗ ಎಲ್ಲಿ ಹಾಕುವುದು? ಮಾತು ಮುಗಿಯಿತೆಂದು ಗೊತ್ತಾಗುವುದಾದರೂ ಹೇಗೆ?

"ಲವಿಟಾ, ತೇರ್ಸಿಗೆ ಬಾ!" ಪಪ್ಪ ಕರೆದರು.

ಸಂಜೆಯ ಜಪಮಾಲೆ ಪ್ರಾರ್ಥನೆಗೆ ಅವರ ಮನೆಯಲ್ಲಿ ತೇರ್ಸ್ ಎನ್ನುತ್ತಾರೆ. ಅರ್ಧ ಪ್ರಾರ್ಥನೆಯನ್ನು ಮಾಯ್ ಹೇಳುತ್ತಾರೆ, ಉಳಿದರ್ಧವನ್ನು ಎಲ್ಲರೂ ಸೇರಿ ಹೇಳುತ್ತಾರೆ. ಆದರೆ ಈಚೆಗೆ ಮಾಯ್‌ಗೆ ದಮ್ಮು ಜಾಸ್ತಿ.

ಅವತ್ತು ಮಾಯ್ ನಡುವೆ ನಿಂತರು. ಲವಿಟಾ ಗಡಬಡಿಸಿ ಉಳಿದರ್ಧವನ್ನು ಶುರು ಮಾಡಿಯೇಬಿಟ್ಟಳು.

ಪಪ್ಪ ಕಣ್ಣು ಮುಚ್ಚಿಕೊಂಡೇ ಒಂದು ಬೆರಳು ಎತ್ತಿದರು. ಅಮ್ಮನೂ ಸುಮ್ಮನೆ ಕಾದರು. ಮಾಯ್ ಕೆಮ್ಮಿದರು, ಉಸಿರೆಳೆದುಕೊಂಡರು, ಉಳಿದ ಎರಡು ಪದ ಹೇಳಿದರು. ಆಮೇಲೆಯೇ ಎಲ್ಲರ ದನಿ ಒಟ್ಟಿಗೆ ಎದ್ದದ್ದು.

ದಿನವೂ ಹೀಗೆಯೇ ಕಾಯುತ್ತಿದ್ದರಾ? ಲವಿಟಾ ಗಮನಿಸಿಯೇ ಇರಲಿಲ್ಲ.

"ಮಾಯ್, ನೀನು ನಿಲ್ಲಿಸಿದೆ ಎಂದುಕೊಂಡೆ," ಎಂದಳು ತೇರ್ಸ್ ಮುಗಿದ ಮೇಲೆ.

"ನಿಂತದ್ದು ಉಸಿರು ಮಾರಾಯ್ತಿ. ಹೇಳಲಿಕ್ಕೆ ಇನ್ನೂ ಬಾಕಿ ಇತ್ತಲ್ವಾ?"

ಲವಿಟಾ ಹಾಳೆ ತಂದು ಮಾಯ್ ಪಕ್ಕದಲ್ಲೇ ಕುಳಿತಳು. ಮೆಲ್ಲನೆ ಓದಿದಳು. "ಮೈ ಗ್ರ್ಯಾಂಡ್‌ಮದರ್ ಈಸ್ ದ..." ಇಲ್ಲ, ಇನ್ನೂ ಬಾಕಿ ಉಂಟು. "...ಕೈಂಡೆಸ್ಟ್ ಪರ್ಸನ್ ಇನ್ ಅವರ್ ಹೌಸ್." ಹಾಂ. ಪುಟ್ಟದೊಂದು ಚುಕ್ಕಿ ಇಟ್ಟಳು. "ಶಿ ಮೇಕ್ಸ್..." ಏನು ಮಾಡುತ್ತಾರೆ? ಇಡ್ಲಿಯಂಥ ಆ ಮೆತ್ತನೆಯ ತಿಂಡಿ! "...ಸಾನ್ನಾ ಫಾರ್ ಮಿ." ಮತ್ತೊಂದು ಚುಕ್ಕಿ.

ಶುಕ್ರವಾರ ಲವಿಟಾ ಎಲ್ಲೂ ಎಡವದೆ ಓದಿದಳು. ಕಾರ್ಲ್ಟನ್ನೂ ಚಪ್ಪಾಳೆ ತಟ್ಟಿದ.

"ಗ್ಲ್ಯಾಡಿಸ್ ಬಾಯಿ, ನೀವೂ ಎರಡು ಮಾತು ಹೇಳಿ," ಎಂದು ಟೀನಾ ಮಿಸ್ ಮಾಯ್ ಕೈಗೆ ಮೈಕ್ ಕೊಟ್ಟರು.

ಮಾಯ್ ನೀಲಿ ಸೀರೆಯ ಸೆರಗು ಸರಿಮಾಡಿಕೊಂಡರು. "ಮಕ್ಕಳೇ, ಮನೆಯಲ್ಲಿ ಎಲ್ಲರಿಗಿಂತ ಒಳ್ಳೆಯವಳು ನಾನು ಎಂದು ಇವಳು ಬರೆದಿದ್ದಾಳೆ. ಆದರೆ..." ದಮ್ಮು ಕಟ್ಟಿತು. ಕೆಮ್ಮು ಬಂತು.

ಮುಗಿಯಿತೆಂದು ಕಾರ್ಲ್ಟನ್ ಚಪ್ಪಾಳೆಗೆ ಕೈ ಎತ್ತಿದ. ಅಲ್ಲೊಬ್ಬರು ಇಲ್ಲೊಬ್ಬರು ತಟ್ಟಿಯೂಬಿಟ್ಟರು.

ಮಾಯ್ ಪಕ್ಕದಲ್ಲಿ ನಿಂತಿದ್ದ ಲವಿಟಾ ಒಂದು ಬೆರಳು ಎತ್ತಿದಳು. ಕಾರ್ಲ್ಟನ್‌ನ ಕೈ ಗಾಳಿಯಲ್ಲೇ ನಿಂತಿತು. ಹಾಲ್ ಇಡೀ ಸದ್ದಿಲ್ಲದೆ ಕಾಯಿತು. ಮಾಯ್ ನಿಧಾನಕ್ಕೆ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಉಸಿರೆಳೆದುಕೊಂಡರು.

"...ಆದರೆ ನನಗೇನೋ ಇವಳೇ ಎಂದು ಕಾಣುತ್ತದೆ."

ಲವಿಟಾ ಇನ್ನೂ ಒಂದು ಗಳಿಗೆ ಕಾದಳು. ಆಮೇಲೆ ಬೆರಳು ಇಳಿಸಿದಳು.