ಕಲ್ಲಾದವರ ಕಬಡ್ಡಿ

ಬಹಳ ಬಹಳ ಹಿಂದೆ ತುಂಬೆಗಿರಿ ಎಂಬ ರಾಜ್ಯವಿತ್ತು. ಅಲ್ಲಿನವರಿಗೆ ಕಬಡ್ಡಿ ಎಂದರೆ ಪ್ರಾಣ. ಅದನ್ನು ಕಂಡು ಧೂಮಕನೆಂಬ ಮಾಂತ್ರಿಕನಿಗೆ ಹೊಟ್ಟೆಕಿಚ್ಚು. ಬೆಟ್ಟದ ಬುಡದಲ್ಲಿ ಅವನೊಂದು ಮಾಯದ ಅಂಕಣ ಮಾಡಿದ. ಅಲ್ಲಿ ಔಟಾದವರು ನಿಂತಲ್ಲೇ ಕಲ್ಲಾಗುತ್ತಿದ್ದರು. ಹಾಗೆ ಮೂವರು ಕಲ್ಲಾದರು. ಕಡೆಯವನು ಕಂಬಳಿ ನೇಯುವವರ ಕೆಂಚ. ಅವನ ಅಕ್ಕ ಮಾಳವ್ವ ಅತ್ತಳು, ಅತ್ತು ಸಾಕಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಟ್ಟದ ದಾರಿ ಹಿಡಿದಳು.

"ಒಬ್ಬಳೇ ಬಂದೆಯಾ? ನಿನ್ನ ತಂಡ ಎಲ್ಲೇ?" ಧೂಮಕ ನಕ್ಕ.

"ಅಲ್ಲೇ ನಿಂತಿದೆಯಲ್ಲ," ಎಂದು ಮಾಳವ್ವ ಕಲ್ಲುಗಳನ್ನು ತೋರಿಸಿದಳು. "ಆಟ ಹಿರಿಯರ ನಿಯಮದಂತೆ. ಆಣೆ ಮಾಡು."

ಧೂಮಕನಿಗೆ ಆ ನಿಯಮಗಳು ಪೂರ್ತಿ ಗೊತ್ತಿದ್ದರೆ ತಾನೆ? ಮೂಢ, ಭೂಮಿ ಮುಟ್ಟಿ ಆಣೆ ಮಾಡಿದ.

ಧೂಮಕನ ಕಡೆ ಮಾಯದ ಹುಲಿ, ಮಾಯದ ಕರಡಿ. ಮಾಳವ್ವ ಗೆರೆಗೆ ಕೈಮುಗಿದು "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿದಳು. ಹುಲಿ ಪಂಜ ಎತ್ತಿತು. ಅವಳು ಬಗ್ಗಿ ಅದರ ಬಾಲ ಮುಟ್ಟಿ, ಒಂದೇ ಉಸಿರಿನಲ್ಲಿ ಗೆರೆ ದಾಟಿ ಬಂದಳು. ಅಬ್ಬಬ್ಬಾ, ಕಾಲೆಂದರೆ ಅವಳ ಕಾಲು! ಹುಲಿ ಕಲ್ಲಾಯಿತು. ಹಿರಿಯರ ನಿಯಮದಂತೆ ಎದುರಿನವರಲ್ಲಿ ಒಬ್ಬರು ಔಟಾದರೆ ನಮ್ಮವರಲ್ಲಿ ಒಬ್ಬರು ಏಳಬೇಕು, ಮೊದಲು ಔಟಾದವರೇ ಮೊದಲು. ಭೂಮಿ ಆ ಆಣೆಯನ್ನು ನಡೆಸಿಕೊಟ್ಟಿತು. ಮೊದಲನೆಯ ಕಲ್ಲು ಮೈ ಕೊಡವಿ ಕುಂಬಾರರ ದ್ಯಾಮಣ್ಣನಾಯಿತು.

ಕರಡಿ ದಾಳಿಗೆ ಬಂತು. ಇಬ್ಬರೂ ಕೈಕೈ ಹಿಡಿದು ಸುತ್ತಿ ಕೆಡವಿದರು. ಕರಡಿಯೂ ಕಲ್ಲಾಯಿತು, ಗಾಣಿಗರ ಈರಣ್ಣ ಎದ್ದ. ಮತ್ತೆ ಮಾಳವ್ವ ನುಗ್ಗಿದಾಗ ಧೂಮಕ ಮೂಲೆಮೂಲೆಗೆ ಓಡಿ ಹೇಗೋ ತಪ್ಪಿಸಿಕೊಂಡ.

ಕೊನೆಗೆ ಅವನೇ ದಾಳಿಗೆ ಬಂದ. ಅವನ ಎದೆಯಲ್ಲಿ ಬೆಟ್ಟದ ಗಾಳಿಯೆಲ್ಲ ತುಂಬಿತ್ತು, ಉಸಿರು ಮುಗಿಯುವುದೇ ಇಲ್ಲ! ಮೂವರೂ ಹಿಡಿದರು. ಮೂವರನ್ನೂ ದರದರ ಎಳೆದುಕೊಂಡು ಗೆರೆಯತ್ತ ಹೊರಟ. ಗೆರೆ ಮುಟ್ಟಿದನೋ, ಮೂವರೂ ಕಲ್ಲು, ಕೆಂಚನನ್ನು ಎಬ್ಬಿಸುವವರೇ ಇಲ್ಲ.

"ಬಿಡಬೇಡ್ರೋ!" ಮಾಳವ್ವ ಅವನ ಕಾಲಿಗೆ ಜೋತುಬಿದ್ದಳು.

ಗೆರೆಗೆ ಒಂದು ಗೇಣು ಉಳಿದಾಗ ಧೂಮಕನಿಗೆ ಕಾಲೆತ್ತಲಾಗಲಿಲ್ಲ. ಹೊಗೆಯಾಗಿ ಜಾರಬೇಕೆಂದರೆ ಮಂತ್ರ ಹೇಳಬೇಕು. ಮಂತ್ರ ಹೇಳಬೇಕೆಂದರೆ ಕಬಡ್ಡಿ ನಿಲ್ಲಿಸಬೇಕು. ಅವನ ಮುಖ ನೋಡಿಯೇ ಮಾಳವ್ವನಿಗೆ ತಿಳಿಯಿತು.

"ಏನಪ್ಪಾ ಮಾಂತ್ರಿಕ, ಮೂರು ಜನರ ಹಿಡಿತಕ್ಕೇ ಮಂತ್ರ ಮರೆತೆಯಾ?"

ಅವನಿಗೆ ಮೈಯೆಲ್ಲ ಉರಿಯಿತು. "ಹ್ರಾಂ ಹ್ರೂಂ" ಎಂದುಬಿಟ್ಟ.

"ಕಬಡ್ಡಿ ನಿಂತಿತು! ಔಟ್!" ಮೂವರೂ ಕೂಗಿದರು. ಧೂಮಕ ಬಾಯಿ ತೆರೆದಂತೆಯೇ ಕಲ್ಲಾದ. ಅವನನ್ನು ಎಬ್ಬಿಸಲು ಅವನ ಕಡೆ ಯಾರೂ ಉಳಿದಿರಲಿಲ್ಲ.

ಕೆಂಚ ಕಣ್ಣು ಬಿಟ್ಟ. "ಅಕ್ಕಾ, ಯಾರು ಗೆದ್ದರು?"

ಮಾಳವ್ವ ಅವನ ಬಳಿಗೆ ಓಡಿದಳು. ತಮ್ಮನ ಕೆನ್ನೆ ಮುಟ್ಟಿದಳು. ಬೆಚ್ಚಗಿತ್ತು.

ಅಂದಿನಿಂದ ತುಂಬೆಗಿರಿಯವರು ಸುಖವಾಗಿ ಬಾಳಿದರು. ಕತೆ ಕೇಳಿದ ನಿಮಗೂ ಗಟ್ಟಿ ಉಸಿರಿರಲಿ, ಬಿಡದೆ ಹಿಡಿಯುವ ಕೈಗಳಿರಲಿ.